ಕೈ ಎತ್ತಿದ ಹುಡುಗಿ

ನಮಸ್ಕಾರ. ಹೋದ ವರ್ಷ ದಾವಣಗೆರೆ ತಾಲ್ಲೂಕಿನ ಒಂದು ವಲಯ ಮಟ್ಟದ ಕ್ರೀಡಾಕೂಟದಲ್ಲಿ ನನಗೆ ಕಬಡ್ಡಿ ಅಂಕ ಬರೆಯುವ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಎಂದರೆ, ಸುಮ್ಮನೆ ನೋಡುತ್ತ ನಿಂತಿದ್ದವನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದರು. ಹಿಂದಿನ ರಾತ್ರಿ ಮಳೆಯಾಗಿ ಸುಣ್ಣದ ಗೆರೆಗಳೆಲ್ಲ ಅರ್ಧ ಕರಗಿದ್ದವು.

ಹುಡುಗಿಯರ ಪಂದ್ಯ. ರೈಡ್ ಬಂದವಳು ಎಡ ಮೂಲೆಗೆ ನುಗ್ಗಿ, ಕಾಲು ಚಾಚಿ, ತಿರುಗಿ ಓಡಿ ನಡುಗೆರೆ ದಾಟಿದಳು. ಅಂಪೈರ್ ನಿಂತಿದ್ದದ್ದು ಆ ತುದಿಯಲ್ಲಿ, ನಡುವೆ ನಾಲ್ಕು ಬೆನ್ನುಗಳು ಅಡ್ಡ. ಏನೂ ಇಲ್ಲ ಎಂದು ಕೈಯಾಡಿಸಿದರು. ಆಗ ಮೂಲೆಯಲ್ಲಿದ್ದ ಹುಡುಗಿ, ಎಂಟನೆಯ ತರಗತಿಯವಳಿರಬಹುದು, ಕೈ ಎತ್ತಿದಳು. ಬಗ್ಗಿ, ರೈಡರ್‌ನ ಕಾಲು ತಾಗಿದ ಮೀನಖಂಡವನ್ನು ಮುಟ್ಟಿ ತೋರಿಸಿ, ತಾನಾಗಿಯೇ ಗೆರೆಯ ಹೊರಗೆ ಹೋಗಿ ಕುಳಿತಳು. ಎದುರಾಳಿಗಳಿಗೆ ಒಂದು ಅಂಕ. ನಾನು ಬರೆದುಕೊಂಡೆ.

ಅರ್ಧವಿರಾಮದಲ್ಲಿ ಅವಳ ಮೇಷ್ಟ್ರು ಕೂಗಾಡಿದ್ದು ಶಾಮಿಯಾನದವರೆಗೂ ಕೇಳಿಸಿತು. “ನಿನ್ನನ್ನು ಯಾರು ಕೇಳಿದರು? ಸೀಟಿ ಇರುವುದು ಅವರ ಬಾಯಲ್ಲಿ, ಅವರು ಊದಿದ್ದರಾ?” ಹುಡುಗಿ ಕಾಲಿನ ಹೆಬ್ಬೆರಳಿನಿಂದ ಒದ್ದೆ ಮಣ್ಣು ಕೆದಕುತ್ತ ನಿಂತಿದ್ದಳು. ಅಂದು ಬೆಳಿಗ್ಗೆ ಧ್ವಜದ ಮುಂದೆ ಮಕ್ಕಳಿಂದ ಪ್ರಮಾಣ ಮಾಡಿಸಿದವರು ಇದೇ ಮೇಷ್ಟ್ರು. ನಿಯಮ ಪಾಲಿಸುತ್ತೇವೆ, ಕ್ರೀಡಾ ಮನೋಭಾವದಿಂದ ಆಡುತ್ತೇವೆ ಎಂದು ಬಲಗೈ ಚಾಚಿ ಹೇಳಿಸಿದ್ದರು. ಅವಳು ಎತ್ತಿದ್ದೂ ಅದೇ ಬಲಗೈ.

ಅವರು ಕೆಟ್ಟವರು ಎನ್ನುತ್ತಿಲ್ಲ. ಸ್ವಂತ ಸಂಬಳದಲ್ಲಿ ಮಕ್ಕಳಿಗೆ ಬೂಟು ಕೊಡಿಸುವ ಮನುಷ್ಯ. ಸಂಜೆ ನನಗೂ ಮಂಡಕ್ಕಿ, ಮಿರ್ಚಿ ಕೊಡಿಸಿದರು, ಬೇಡವೆನ್ನಲಿಲ್ಲ ನಾನು. ಕಪ್ ಇಲ್ಲದೆ ವಾಪಸು ಹೋದರೆ ಮುಖ್ಯೋಪಾಧ್ಯಾಯರ ಮುಖ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರ ಮಾತು, ಎಲ್ಲ ಅವರ ತಲೆಯ ಮೇಲೆ. ಆದರೆ ಆ ಭಾರವನ್ನು ಹದಿಮೂರು ವರ್ಷದ ಹುಡುಗಿಯ ಹೆಗಲಿಗೆ ದಾಟಿಸಿದ್ದು ನನಗೆ ಸರಿ ಕಾಣಲಿಲ್ಲ.

ನಾವು ಮಕ್ಕಳಿಗೆ ಇನ್ನೊಂದು ಸುಳ್ಳನ್ನೂ ಹೇಳುತ್ತೇವೆ: ಪ್ರಾಮಾಣಿಕವಾಗಿ ಆಡು, ಗೆಲುವು ತಾನೇ ಬರುತ್ತದೆ ಎಂದು. ಬರಲೇಬೇಕೆಂದೇನಿಲ್ಲ. ನಮ್ಮ ಪಕ್ಕದ ಭದ್ರಾವತಿಯವರಾದ ಗುಂಡಪ್ಪ ವಿಶ್ವನಾಥ್ ಅವರನ್ನು ನೋಡಿ. 1980ರ ಫೆಬ್ರವರಿ, ಬಾಂಬೆಯ ವಾಂಖೆಡೆಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಭಾರತಕ್ಕೆ ವಿಶ್ವನಾಥ್ ನಾಯಕ. 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡ್ ಒದ್ದಾಡುತ್ತಿದ್ದಾಗ ಅಂಪೈರ್ ಆ ತಂಡದ ಬ್ಯಾಟರ್ ಬಾಬ್ ಟೇಲರ್‌ಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎನಿಸಿದ ವಿಶ್ವನಾಥ್ ಟೇಲರ್ ಅವರನ್ನು ಹಿಂದಕ್ಕೆ ಕರೆಸಿದರು. ಆಮೇಲೆ ಟೇಲರ್ ಮತ್ತು ಬೋಥಮ್ ಅವರ ಜೊತೆಯಾಟ 171 ರನ್‌ವರೆಗೆ ಬೆಳೆಯಿತು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತೆಂದೂ ಟೆಸ್ಟ್ ನಾಯಕರಾಗಲಿಲ್ಲ. ಮಕ್ಕಳಿಗೆ ಈ ಕಥೆಯನ್ನು ಸೋಲಿನ ಸಮೇತ ಹೇಳಬೇಕು. ಸೋಲನ್ನು ಮುಚ್ಚಿಟ್ಟು ಹೇಳಿದರೆ, ಕೈ ಎತ್ತಿ ಪಂದ್ಯ ಸೋತ ಮೊದಲ ದಿನವೇ ಮಗು ನಮ್ಮನ್ನು ನಂಬುವುದನ್ನು ಬಿಡುತ್ತದೆ.

ವಯಸ್ಸಿನ ಮಾತನ್ನಂತೂ ಕೇಳಲೇಬೇಡಿ. ಹದಿನಾಲ್ಕರ ಒಳಗಿನವರ ವಿಭಾಗಕ್ಕೆ ಮೀಸೆ ಬೋಳಿಸಿಕೊಂಡು ಬರುವ ಹುಡುಗರನ್ನು ನಾನು ಕಂಡಿದ್ದೇನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬೀಳುವ ಮೊದಲೇ ಮೀಸೆಗೆ ಬ್ಲೇಡು. ವಯಸ್ಸು ಕಡಿಮೆ ತೋರಿಸುವ ಆ ಜನನ ಪ್ರಮಾಣಪತ್ರವನ್ನು ತಂದದ್ದು ಹುಡುಗನಲ್ಲವಲ್ಲ, ಅಪ್ಪ. ನೋಡಿಯೂ ನೋಡದಂತೆ ಸಹಿ ಹಾಕಿದವರು ದೊಡ್ಡವರೇ. ಅವನಿಂದಾಗಿ ತಂಡದಲ್ಲಿ ಜಾಗ ಕಳೆದುಕೊಂಡ ನಿಜವಾದ ಹದಿಮೂರರ ಹುಡುಗ ಬೇಲಿಯ ಆಚೆ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾನೆ.

ಮೇಷ್ಟ್ರುಗಳಲ್ಲಿ, ಅಪ್ಪ ಅಮ್ಮಂದಿರಲ್ಲಿ ನಾನು ಕೇಳುವುದು ಇಷ್ಟೇ: ಕೈ ಎತ್ತಿದ ಮಗುವಿನ ಬೆನ್ನು ತಟ್ಟಿ, ಅದೂ ಇಡೀ ತಂಡದ ಮುಂದೆ. ಹೊಟ್ಟೆಯುರಿದು ತಟ್ಟಲು ಕೈ ಬರದಿದ್ದರೆ ಹೋಗಿ ಒಂದು ಲೋಟ ನೀರು ಕುಡಿಯಿರಿ. ಬೈಯಬೇಡಿ.

ಏಕೆಂದರೆ ಆ ಪಂದ್ಯದ ದ್ವಿತೀಯಾರ್ಧವನ್ನೂ ನಾನು ನೋಡಿದೆ. ಕೊನೆಯ ಎರಡು ನಿಮಿಷ, ಎರಡೂ ಕಡೆ ಸಮಬಲ. ಅದೇ ಮೂಲೆ, ಅದೇ ರೈಡರ್. ಈ ಸಲ ಬೆರಳು ಅವಳ ಮೊಣಕೈಗೆ ತಾಗಿದ್ದು ನನ್ನ ಕುರ್ಚಿಯಿಂದ ಚೆನ್ನಾಗಿ ಕಂಡಿತು. ಅಂಪೈರ್‌ಗೆ ಕಾಣಲಿಲ್ಲ. ಹುಡುಗಿ ಒಮ್ಮೆ ಮೇಷ್ಟ್ರ ಕಡೆ ನೋಡಿದಳು. ಮೊಣಕೈಯನ್ನು ಇನ್ನೊಂದು ಅಂಗೈಯಿಂದ ಮುಚ್ಚಿಕೊಂಡು ನಿಂತಲ್ಲೇ ನಿಂತಳು.

ಅಂಪೈರ್ ನನ್ನಿಂದ ನಾಲ್ಕೇ ಹೆಜ್ಜೆ ದೂರದಲ್ಲಿದ್ದರು. ಅಂಕಪಟ್ಟಿಯ ಮೇಲೆ ಪೆನ್ನು ಹಿಡಿದು ನಾನೂ ಸುಮ್ಮನೆ ಕುಳಿತಿದ್ದೆ.