ಕ್ಯಾಮೆರಾ ಎಷ್ಟಿವೆ, ಕಳ್ಳತನ ಎಷ್ಟಾಗಿದೆ: ಪೊಲೀಸರನ್ನು ಕೇಳುವ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಾವುದಾದರೂ ದೊಡ್ಡ ಸಿಗ್ನಲ್‌ನಲ್ಲಿ ನಿಂತು ತಲೆ ಎತ್ತಿ ನೋಡಿ. ಕಂಬದ ಮೇಲೆ ಎರಡೋ ಮೂರೋ ಕ್ಯಾಮೆರಾ ಇದ್ದೇ ಇರುತ್ತವೆ. ಮಹಿಳೆಯರ ಸುರಕ್ಷತೆಗೆ ಅಂತ ಇರುವ ನಿರ್ಭಯಾ ನಿಧಿಯ ಹಣದಲ್ಲಿ ಸೇಫ್ ಸಿಟಿ ಅಂತ ಒಂದು ಯೋಜನೆ ಬಂತು. 2018ರಲ್ಲಿ ದೇಶದ ಎಂಟು ನಗರಗಳಿಗೆ ಅದು ಮಂಜೂರಾಯಿತು, ಅದರಲ್ಲಿ ನಮ್ಮ ಬೆಂಗಳೂರೂ ಒಂದು. ನಮ್ಮ ಪಾಲಿಗೆ ಬಂದಿದ್ದು ಸುಮಾರು 667 ಕೋಟಿ ರೂಪಾಯಿ, ಅದರಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಏಳು ಸಾವಿರಕ್ಕೂ ಜಾಸ್ತಿ ಕ್ಯಾಮೆರಾ ಹಾಕಿದರು. ಇಷ್ಟು ದುಡ್ಡು ಹಾಕಿದ ಮೇಲೆ ಕೇಳಲೇಬೇಕಲ್ವಾ? ನಮ್ಮ ಬೀದಿಯ ಕ್ಯಾಮೆರಾ ಕೆಲಸ ಮಾಡುತ್ತಿದೆಯಾ? ಅದು ಬಂದ ಮೇಲೆ ಸರಗಳ್ಳತನ, ಬೈಕ್ ಕಳ್ಳತನ ಕಡಿಮೆಯಾಯಿತಾ?

ಪೇಪರ್‌ನಲ್ಲಿ ಬರುವ ಅಂಕಿಯಿಂದ ಇದು ಗೊತ್ತಾಗುವುದಿಲ್ಲ. ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷದ ಲೆಕ್ಕ ಕೊಡುತ್ತದೆ, ನಿಜ. ಆದರೆ 2022ರ ವರದಿ ಹೊರಬಂದಿದ್ದು 2023ರ ಡಿಸೆಂಬರ್‌ನಲ್ಲಿ, 2023ರ ವರದಿ ಬಂದಿದ್ದು 2025ರಲ್ಲಿ. ಅದೂ ನಗರದ ಲೆಕ್ಕ, ಜಿಲ್ಲೆಯ ಲೆಕ್ಕ. ನಿಮ್ಮ ಠಾಣೆಯ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ಇದೆ, ದರೋಡೆಯೂ ಇದೆ ಅಂದುಕೊಳ್ಳಿ, ಬ್ಯೂರೋ ಅದರಲ್ಲಿ ಅತಿ ದೊಡ್ಡ ಅಪರಾಧವನ್ನು ಮಾತ್ರ ಎಣಿಸುತ್ತದೆ, ಉಳಿದದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಾಗಿ ನೇರವಾಗಿ ಪೊಲೀಸ್ ಇಲಾಖೆಯನ್ನೇ ಕೇಳಬೇಕು. ಅದಕ್ಕೆ ನಮ್ಮ ಕೈಯಲ್ಲಿರುವುದು 2005ರ ಮಾಹಿತಿ ಹಕ್ಕು ಕಾಯ್ದೆ, ಎಲ್ಲರೂ ಆರ್‌ಟಿಐ ಅನ್ನುವುದು ಇದನ್ನೇ. ಶುಲ್ಕ ಹತ್ತು ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. ಯಾಕೆ ಬೇಕು ಅಂತ ನೀವು ಹೇಳಬೇಕಾಗಿಲ್ಲ, ಕೇಳುವ ಹಕ್ಕು ಅವರಿಗೂ ಇಲ್ಲ. ತಪ್ಪು ಕಚೇರಿಗೆ ಕೊಟ್ಟುಬಿಟ್ಟರೆ ಏನು ಗತಿ ಅಂತ ಹೆದರಬೇಡಿ, ಐದು ದಿನದೊಳಗೆ ಅದನ್ನು ಸರಿಯಾದ ಕಚೇರಿಗೆ ಕಳಿಸಿಕೊಡುವುದು ಅವರದೇ ಜವಾಬ್ದಾರಿ. ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಮಾತ್ರ ಅಲ್ಲಿಂದ ಕದಲಬೇಡಿ. ಮುಂದಿನ ಎಲ್ಲ ಗಡುವೂ ಆ ತಾರೀಕಿನ ಮೇಲೇ ನಿಂತಿರುತ್ತದೆ.

ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಭಾಷೆಯಲ್ಲಿ. 'ನಮ್ಮ ಏರಿಯಾದಲ್ಲಿ ಕ್ಯಾಮೆರಾ ಯಾಕೆ ಕೆಟ್ಟಿದೆ? ಯಾವಾಗ ರಿಪೇರಿ ಮಾಡುತ್ತೀರಿ?' ಅಂತ ಬರೆದರೆ 'ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹ ಬರುತ್ತದೆ, ಕತೆ ಅಲ್ಲಿಗೆ ಮುಗಿಯಿತು. ಕಾಯ್ದೆಯ ಪ್ರಕಾರ ಅವರು ಕೊಡಬೇಕಾಗಿರುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಅದಕ್ಕೇ ದಾಖಲೆಯನ್ನೇ ಹೆಸರು ಹಿಡಿದು ಕೇಳಿ. ಹೀಗೆ ಬರೆಯಿರಿ: 'ತಮ್ಮ ಠಾಣೆಯ ಸರಹದ್ದಿನಲ್ಲಿ 31-3-2025ಕ್ಕೆ ಇದ್ದಂತೆ ಸರ್ಕಾರಿ ಹಣದಲ್ಲಿ ಅಳವಡಿಸಿರುವ ಸಿಸಿಟಿವಿ ಕ್ಯಾಮೆರಾಗಳ ಪಟ್ಟಿ, ಆ ದಿನ ಚಾಲನೆಯಲ್ಲಿ ಇದ್ದವುಗಳ ಸಂಖ್ಯೆ, ನಿರ್ವಹಣೆ ಗುತ್ತಿಗೆಯ ಒಪ್ಪಂದದ ಪ್ರತಿ, 2024-25ರಲ್ಲಿ ದುರಸ್ತಿಗೆ ಸಂಬಂಧಿಸಿದ ದೂರುಗಳ ರಿಜಿಸ್ಟರ್ ಪ್ರತಿ, ಪಾವತಿಸಿದ ಬಿಲ್‌ಗಳ ಪ್ರತಿ, ದೃಶ್ಯಗಳನ್ನು ಎಷ್ಟು ದಿನ ಉಳಿಸಬೇಕೆಂಬ ಆದೇಶದ ಪ್ರತಿ.' ಇಷ್ಟೇ. ಸಿಟ್ಟು ಬೇಡ, ಭಾಷಣ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ದಾಟಬಾರದು. ಕ್ಯಾಮೆರಾಕ್ಕೆ ಒಂದು ಅರ್ಜಿ, ಅಪರಾಧದ ಅಂಕಿಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಕಳಿಸಲು ನೀವೇ ನೆಪ ಕೊಟ್ಟಂತೆ.

ಅಪರಾಧದ ಅರ್ಜಿಯಲ್ಲಿ ಹುಷಾರಾಗಿರಬೇಕಾದ ಜಾಗ ಒಂದಿದೆ. ಮನೆಗಳ್ಳತನ, ವಾಹನ ಕಳ್ಳತನ, ಸುಲಿಗೆ, ಸರಗಳ್ಳತನ, ಇವು ತಿಂಗಳಿಗೆ ಎಷ್ಟು ದಾಖಲಾದವು, ಎಷ್ಟು ಪತ್ತೆಯಾದವು, ಎಷ್ಟರಲ್ಲಿ ದೋಷಾರೋಪ ಪಟ್ಟಿ ಹಾಕಿದರು ಅಂತ ಬೇರೆ ಬೇರೆಯಾಗಿ ಕೇಳಿ. ಕ್ಯಾಮೆರಾ ಬರುವ ಮೊದಲಿನ ಎರಡು ವರ್ಷ, ಬಂದ ಮೇಲಿನ ಎರಡು ವರ್ಷ, ಎರಡೂ ಬೇಕು. ಆದರೆ 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ ಅನ್ನುವುದನ್ನು ಮರೆಯಬೇಡಿ. ಮೊದಲು ಕಿತ್ತುಕೊಂಡು ಓಡುವುದಕ್ಕೆ ಬೇರೆ ಅಪರಾಧ ಅಂತ ಕಲಂ ಇರಲಿಲ್ಲ. ಅಂಥ ಕೇಸು ಕೆಲವು ಸಲ ಕಳ್ಳತನಕ್ಕೆ, ಕೆಲವು ಸಲ ಸುಲಿಗೆಗೆ ಸೇರುತ್ತಿತ್ತು. ಹೊಸ ಸಂಹಿತೆಯಲ್ಲಿ ಅದಕ್ಕೆ 304ನೇ ಕಲಂ ಅಂತ ಪ್ರತ್ಯೇಕವಾಗಿಯೇ ಇದೆ. ಹೀಗಿರುವಾಗ 2023ರ 'ಕಳ್ಳತನ'ವನ್ನು 2025ರ 'ಕಳ್ಳತನ'ದ ಪಕ್ಕ ಇಟ್ಟು 'ನೋಡಿ, ಕಡಿಮೆಯಾಗಿದೆ' ಅಂದರೆ ಅದನ್ನು ಒಪ್ಪಲಾಗದು. ಕಲಂವಾರು ಲೆಕ್ಕ ಕೇಳಿ, ಹಳೆ ಕಲಂ ಯಾವುದು, ಹೊಸದು ಯಾವುದು ಅಂತ ಎರಡನ್ನೂ ಬರೆದು ಕೇಳಿ.

ಎಫ್‌ಐಆರ್ ಆಗದ ದೂರು ಈ ಲೆಕ್ಕದಲ್ಲಿ ಇರುವುದೇ ಇಲ್ಲ ಅನ್ನುವುದೂ ನೆನಪಿರಲಿ. ಜೇಬಿನಿಂದ ಹಾರಿಸಿದ ಮೊಬೈಲನ್ನು 'ಕಳೆದುಹೋಗಿದೆ' ಅಂತ ಬರೆಸಿಕೊಂಡರೆ ಆ ಠಾಣೆಯಲ್ಲಿ ಕಳ್ಳತನ ಒಂದು ಕಡಿಮೆಯಾದಂತೆ ಕಾಣುತ್ತದೆ. ಅಂಥ ದೂರುಗಳ ಸಂಖ್ಯೆಯನ್ನೂ ಜೊತೆಗೇ ಕೇಳುವುದು ಒಳ್ಳೆಯದು.

ದೃಶ್ಯಗಳ ವಿಷಯ ಇನ್ನೂ ಗಂಭೀರ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ ಕಾಯ್ದೆಯ ಪ್ರಕಾರ ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಬರುವಂಥ ಜಾಗಗಳಲ್ಲಿ ಕ್ಯಾಮೆರಾ ಇರಲೇಬೇಕು, ದೃಶ್ಯವನ್ನು 30 ದಿನ ಉಳಿಸಬೇಕು. ಆರ್‌ಟಿಐ ಉತ್ತರಕ್ಕೂ 30 ದಿನ ಗಡುವು. ಉತ್ತರ ಬರುವ ಹೊತ್ತಿಗೆ ದೃಶ್ಯವೇ ಅಳಿಸಿಹೋಗಿರುತ್ತದೆ! ಅದಕ್ಕೇ ಘಟನೆ ನಡೆದ ದಿನವೇ ಜಾಗ, ತಾರೀಕು, ಸಮಯ ಬರೆದು, ಆ ದೃಶ್ಯ ಅಳಿಸದೆ ಕಾಯ್ದಿರಿಸಿ ಅಂತ ಠಾಣೆಗೂ ಕ್ಯಾಮೆರಾ ಇರುವ ಜಾಗದವರಿಗೂ ಒಂದು ಪತ್ರ ಕೊಡಿ.

ಠಾಣೆಯ ಒಳಗಿನ ಕ್ಯಾಮೆರಾದ ಮಾತೇ ಬೇರೆ. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ದೇಶದ ಪ್ರತಿ ಠಾಣೆಯಲ್ಲೂ ಬಾಗಿಲು, ಲಾಕಪ್, ಕಾರಿಡಾರ್, ಸ್ವಾಗತದ ಜಾಗ, ಎಲ್ಲ ಕಡೆ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು, 18 ತಿಂಗಳು ಉಳಿಸಬೇಕು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ. ಕ್ಯಾಮೆರಾ ಕೆಟ್ಟರೆ ಹೊಣೆ ಠಾಣಾಧಿಕಾರಿಯದು. ಲಾಕಪ್‌ನಲ್ಲಿ ಯಾರಿಗೋ ಹೊಡೆತ ಬಿದ್ದ ದಿನವೇ ಕ್ಯಾಮೆರಾ ಕೆಟ್ಟಿತ್ತು ಅಂದರೆ ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಕೆಟ್ಟಿತ್ತು, ಮೇಲಧಿಕಾರಿಗೆ ವರದಿ ಮಾಡಿದ ಪತ್ರ ಎಲ್ಲಿದೆ ಅಂತ ಕೇಳಿ. ನನ್ನ ಪ್ರಕಾರ ಪ್ರತಿಯೊಂದು ಊರಿನಲ್ಲೂ ಯಾರಾದರೂ ಒಬ್ಬರು ಕೇಳಬೇಕಾದ ಅರ್ಜಿ ಇದು.

ಇನ್ನು ನಿರಾಕರಣೆ. 'ಭದ್ರತೆಗೆ ಧಕ್ಕೆ', 'ತನಿಖೆಗೆ ಅಡ್ಡಿ', ಈ ಎರಡು ಮಾತು ಬಂದೇ ಬರುತ್ತವೆ. ಕ್ಯಾಮೆರಾ ಇರುವ ಜಾಗ ಹೇಳಲು ಆಗುವುದಿಲ್ಲ ಅಂದರೆ ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ನೆನಪಿಸಿ, ಕೊಡಬಾರದ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡಲೇಬೇಕು. ಎಷ್ಟು ಕ್ಯಾಮೆರಾ ಕೆಟ್ಟಿವೆ ಎಂಬ ಸಂಖ್ಯೆಯಿಂದ, ಕಟ್ಟಿದ ಬಿಲ್ಲಿನಿಂದ ಯಾವ ಭದ್ರತೆಗೆ ಧಕ್ಕೆ? ತನಿಖೆ ನಡೆಯುತ್ತಿದೆ ಅಂದರೆ ಸಾಲದು, ಈ ಮಾಹಿತಿಯಿಂದ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಅಂತ ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಎಂಬ ಅರ್ಜಿದಾರರ ಪ್ರಕರಣದಲ್ಲಿ ಹೇಳಿದೆ. ಈಗ ಇನ್ನೊಂದು ಅಡ್ಡಗೋಡೆ ಬಂದಿದೆ. ಡೇಟಾ ರಕ್ಷಣೆ ಕಾಯ್ದೆಯ ಮೂಲಕ ಆರ್‌ಟಿಐನ 8(1)(ಜೆ) ಸೆಕ್ಷನ್ ತಿದ್ದುಪಡಿಯಾಗಿ, ವೈಯಕ್ತಿಕ ಮಾಹಿತಿ ಅಂದರೆ ಸಾಕು, ಕೊಡುವುದಿಲ್ಲ ಅನ್ನಲು ದಾರಿಯಾಗಿದೆ. ಇದು ನನಗೆ ನಿಜಕ್ಕೂ ಬೇಸರ ತಂದಿದೆ. ಆದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂಬ 8(2) ಇನ್ನೂ ಇದೆ. ನೀವು ಯಾರ ಹೆಸರೂ ಕೇಳದೆ ಬರೀ ಸಂಖ್ಯೆ ಕೇಳಿದರೆ ಈ ತಕರಾರಿಗೆ ಜಾಗವೇ ಇರುವುದಿಲ್ಲ.

30 ದಿನದಲ್ಲಿ ಉತ್ತರ ಬರಲಿಲ್ಲವೇ, ಅಥವಾ ಬಂದದ್ದು ಸರಿಯಿಲ್ಲವೇ? ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಸಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು, ಅದು ಅವರ ಜೇಬಿನಿಂದಲೇ ಹೋಗಬೇಕು. ಆಯೋಗದಲ್ಲಿ ಕಾಯುವುದು ಜಾಸ್ತಿ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಉತ್ತರ ಸಿಕ್ಕಿದರೆ ಅದನ್ನು ಬಡಾವಣೆಯ ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಓದಿ, ಪ್ರತಿ ಇಟ್ಟುಕೊಳ್ಳಿ, ಮುಂದಿನ ಏಪ್ರಿಲ್‌ನಲ್ಲಿ ತಾರೀಕು ಮಾತ್ರ ಬದಲಿಸಿ ಅದೇ ಅರ್ಜಿಗಳನ್ನು ಮತ್ತೆ ಹಾಕಿ.

ನಮಸ್ಕಾರ.