ನೊರೆ ಕಡಿಮೆ, ಉರಿಯೂ ಕಡಿಮೆ

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ಮಳೆ ಹಿಡಿದರೆ ಬಚ್ಚಲ ಹಂಡೆಗೆ ಬಿಡುವೇ ಇಲ್ಲ. ತೋಟದಿಂದ ಕೆಸರು ಮೆತ್ತಿಕೊಂಡು ಬಂದವರು ಸುಡುನೀರು ಹೊಯ್ದುಕೊಂಡು ಗಸಗಸ ಸೋಪು ತಿಕ್ಕುತ್ತಾರೆ. ಆಮೇಲೆ ಮೈ ಬಿರಿಯಿತು, ತುರಿಕೆ ಅನ್ನುತ್ತಾರೆ. ಅದರಲ್ಲಿ ಸುಡುನೀರಿಗೂ ಪಾಲಿದೆ, ಇರಲಿ.

ಈಚೆಗೆ ಫೇಸ್‌ವಾಷ್, ಮಕ್ಕಳ ಶಾಂಪೂ ಬಾಟಲಿಗಳ ಹಿಂದೆ ಡೆಸಿಲ್ ಗ್ಲುಕೋಸೈಡ್ ಎಂಬ ಹೆಸರು ಕಾಣುತ್ತದೆ. ಸೋಪಿನ ಹಾಗೆ ಜಿಡ್ಡು, ಕೊಳೆ ತೆಗೆಯುವ ವಸ್ತು ಅದು. ಇದರ ಅಣುವಿನ ಒಂದು ತುದಿ ಜೋಳ ಅಥವಾ ಆಲೂಗಡ್ಡೆ ಪಿಷ್ಟದಿಂದ ಬಂದ ಗ್ಲುಕೋಸ್. ಇನ್ನೊಂದು ತುದಿ ತೆಂಗಿನೆಣ್ಣೆ ಅಥವಾ ತಾಳೆ ಬೀಜದ ಎಣ್ಣೆಯಿಂದ ಬಂದದ್ದು. ಸಕ್ಕರೆಯ ತುದಿ ನೀರು ಹಿಡಿಯುತ್ತದೆ, ಎಣ್ಣೆಯ ತುದಿ ಜಿಡ್ಡು ಹಿಡಿಯುತ್ತದೆ. ನೀರು ಹೊಯ್ದಾಗ ಜಿಡ್ಡೂ ಜೊತೆಗೇ ಹೊರಡುತ್ತದೆ. ಜರ್ಮನಿಯ ಎಮಿಲ್ ಫಿಶರ್ 1893ರಲ್ಲೇ ಇಂಥ ಜೋಡಣೆ ಮಾಡಿದ್ದರು. ಬಚ್ಚಲಿಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಗಿಡದಿಂದ ಬಂದಿದ್ದು, ಅದಕ್ಕೇ ಮೃದು ಅನ್ನುತ್ತವೆ ಜಾಹೀರಾತುಗಳು. ನಾನು ಒಪ್ಪುವುದಿಲ್ಲ. ಶಾಂಪೂಗಳಲ್ಲಿ ಕೊಳೆ ತೆಗೆಯಲು ಬಳಸುವ, ಚರ್ಮ ಒಣಗಿಸುತ್ತದೆ ಎಂದು ಬೈಸಿಕೊಳ್ಳುವ ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದಲೇ ಮಾಡಬಹುದು. ನಮ್ಮ ಅಂಟುವಾಳ ಮರದ ಕಾಯಿಯೇ, ಆದರೂ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಗೊತ್ತಲ್ವಾ? ವ್ಯತ್ಯಾಸ ಇರುವುದು ನೀರು ಹಿಡಿಯುವ ತುದಿಯಲ್ಲಿ. ಲಾರಿಲ್ ಸಲ್ಫೇಟಿನ ಆ ತುದಿಗೆ ಋಣ ವಿದ್ಯುದಂಶ ಇದೆ. ಅದು ಚರ್ಮದ ಪ್ರೋಟೀನಿಗೆ ಅಂಟಿ, ಅದನ್ನು ಉಬ್ಬಿಸಿ, ತೇವ ಆರಿಹೋಗುವಂತೆ ಮಾಡುತ್ತದೆ. ಸಕ್ಕರೆಯ ತುದಿಗೆ ಆ ಅಂಶವೇ ಇಲ್ಲ. ಬಂದ ಕೆಲಸ ಮುಗಿಸಿ ಹೊರಡುವ ನೆಂಟನ ಹಾಗೆ, ಅಷ್ಟಾಗಿ ಅಂಟಿಕೊಂಡು ಕೂರುವುದಿಲ್ಲ.

ಹೋಂಸ್ಟೇ ಅತಿಥಿಗಳಿಗೆ ಮನೆಯಲ್ಲೇ ಬಾಡಿವಾಷ್ ಕಲಸೋಣ ಅನ್ನುವವರು ಸ್ವಲ್ಪ ತಾಳಿ. ಕಾರ್ಖಾನೆಯಿಂದ ಬರುವ ಡೆಸಿಲ್ ಗ್ಲುಕೋಸೈಡ್ ದ್ರಾವಣದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸಾಮಾನ್ಯವಾಗಿ 11ಕ್ಕಿಂತ ಜಾಸ್ತಿ, ಅಂದರೆ ತೀರಾ ಕ್ಷಾರ. ಚರ್ಮದ್ದು 5ರ ಆಸುಪಾಸು. ಅದಕ್ಕೇ ಸಿಟ್ರಿಕ್ ಆಮ್ಲ ಬೆರೆಸಿ 5.5ರ ಹತ್ತಿರ ಇಳಿಸುತ್ತಾರೆ. ಅಂದಾಜಿಗೆ ನಿಂಬೆ ಹಿಂಡಿದರೆ ಆಗುವುದಿಲ್ಲ, ಪಿಎಚ್ ಪಟ್ಟಿ ಅದ್ದಿ ನೋಡಲೇಬೇಕು. ಹಾಗೆ ಇಳಿಸಿದ ಮೇಲೆ, ಕೆಡದಂತೆ ಕಾಯುವ ಸಂರಕ್ಷಕವೂ ಬೇಕು. ಕಕ್ಕಡದ ಮಳೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ನಾಡು ನಮ್ಮದು!

ನೊರೆ ಕಡಿಮೆ ಬರುತ್ತದೆ. ಹಾಗಂತ ಸುಮ್ನೆ ಇನ್ನಷ್ಟು ಸುರಿಯಬೇಡಿ, ಕೊಳೆ ತೆಗೆಯುವುದು ನೊರೆಯಲ್ಲ. ಮಣ್ಣು, ನೀರಿನ ಸೂಕ್ಷ್ಮಜೀವಿಗಳು ಡೆಸಿಲ್ ಗ್ಲುಕೋಸೈಡನ್ನು ಬೇಗ ಒಡೆದುಹಾಕುತ್ತವೆ. ಬಚ್ಚಲ ನೀರು ತೋಡಿಗೆ, ತೋಡಿನಿಂದ ಕಾವೇರಿಗೆ ಸೇರುವ ಕಡೆ ಅದು ಸಣ್ಣ ಲಾಭವಲ್ಲ.

ಎಲ್ಲರಿಗೂ ಒಗ್ಗುತ್ತದೆ ಅಂತಲೂ ಅಲ್ಲ. ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2017ರಲ್ಲಿ ಈ ಗ್ಲುಕೋಸೈಡ್ ಗುಂಪನ್ನೇ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಅಲರ್ಜಿ ಆಗುವವರು ಕಡಿಮೆ, ಆದರೆ ಇದ್ದಾರೆ. ಹೊಸ ಬಾಟಲಿ ತಂದರೆ ಮೊದಲು ಕೆಲವು ದಿನ ಮೊಣಕೈ ಒಳಭಾಗಕ್ಕೆ ಮಾತ್ರ ಹಚ್ಚಿ ತೊಳೆಯಿರಿ. ಕೆಂಪಾಗಿ ತುರಿಸಿದರೆ ನಿಲ್ಲಿಸಿ. ಚರ್ಮದ ವೈದ್ಯರ ಹತ್ತಿರ ಹೋಗುವಾಗ ಬಾಟಲಿಯನ್ನೂ ಒಯ್ಯಿರಿ, ಅದರ ಹಿಂದಿನ ಸಣ್ಣಕ್ಷರ ಅವರಿಗೆ ಬೇಕಾಗುತ್ತದೆ.

ನಮಸ್ಕಾರ.