ಒಬ್ಬ ರೋಗಿಗೆ ಎರಡು ನಂಬರು

ಮಾನ್ಯ ವೈದ್ಯರೇ, ನೋಂದಣಿ ಕೌಂಟರಿನ ಮತ್ತು ದಾಖಲೆ ವಿಭಾಗದ ಸಹೋದ್ಯೋಗಿಗಳೇ,

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಲಿನ ಗಾಯ ಕೀವಾಗಿ ಬಂದಿದ್ದ ತಾಯಿಯೊಬ್ಬರಿಗೆ ಪೆನಿಸಿಲಿನ್ ಬರೆಯಲಾಗಿತ್ತು. ಪರದೆಯ ಮೇಲೆ ಅಲರ್ಜಿಯ ಅಂಕಣ ಖಾಲಿ ಇತ್ತು. ಸಿರಿಂಜಿಗೆ ಔಷಧಿ ಎಳೆದುಕೊಂಡಿದ್ದ ನರ್ಸ್ ಸುಮ್ಮನೆ ಚುಚ್ಚದೆ, "ಅಮ್ಮಾ, ಯಾವುದಾದರೂ ಔಷಧಿ ನಿಮಗೆ ಒಗ್ಗುವುದಿಲ್ಲವೇ?" ಎಂದು ಕೇಳಿದರು. "ಹೋದ ಸಲ ಇಲ್ಲೇ ಸೂಜಿ ಹಾಕಿದಾಗ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತಲ್ಲವ್ವ" ಎಂದರು ಅವರು. ಹುಡುಕಿದಾಗ ಅವರದೇ ಇನ್ನೊಂದು ದಾಖಲೆ ಸಿಕ್ಕಿತು; ಪೆನಿಸಿಲಿನ್ ಅಲರ್ಜಿ ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ಅಲ್ಲಿ ಹೆಸರು ಲಕ್ಷ್ಮಿ, ಜೊತೆಗೆ ತಂದೆಯ ಹೆಸರು. ಇಲ್ಲಿ ಲಕ್ಷ್ಮಮ್ಮ, ಜೊತೆಗೆ ಗಂಡನ ಹೆಸರು.

ಇಂಥ ಜೋಡಿ ದಾಖಲೆಗಳು ಬಹುಪಾಲು ಕೌಂಟರಿನಲ್ಲಿಯೇ, ಹೆಸರು ಬರೆದುಕೊಳ್ಳುವ ಗಳಿಗೆಯಲ್ಲಿ ಹುಟ್ಟುತ್ತವೆ. ಮನೆಯಲ್ಲಿ ಕರೆಯುವ ಹೆಸರು ಒಂದು, ರೇಷನ್ ಕಾರ್ಡಿನಲ್ಲಿರುವುದು ಇನ್ನೊಂದು. ಇನಿಷಿಯಲ್ ಕೆಲವರಿಗೆ ಊರಿನದು, ಕೆಲವರಿಗೆ ತಂದೆಯದು. ಗೀತಾ ಎಂಬ ಎರಡಕ್ಷರದ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಪದ್ಧತಿಯು ನಡುವಿನ ಸ್ವರಗಳನ್ನು ಬಿಟ್ಟು ಹೆಸರಿಗೊಂದು ಸಂಕೇತ ಕೊಡುವುದರಿಂದ ಅಷ್ಟೂ ಗೀತಾಗಳನ್ನು ಒಂದೆಡೆ ತರುತ್ತದೆ. ಆದರೆ ಮೊದಲಕ್ಷರವನ್ನು ಅದು ಇದ್ದಂತೆಯೇ ಉಳಿಸಿಕೊಳ್ಳುವುದರಿಂದ, ಜಾಕಿರ್ ಎಂಬುದನ್ನು ಒಬ್ಬರು ಜೆ ಅಕ್ಷರದಿಂದಲೂ ಇನ್ನೊಬ್ಬರು ಝಡ್ ಅಕ್ಷರದಿಂದಲೂ ಬರೆದರೆ ಅವು ಬೇರೆಬೇರೆಯಾಗಿಬಿಡುತ್ತವೆ. ಲಕ್ಷ್ಮಿ, ಲಕ್ಷ್ಮಮ್ಮ ಎಂಬವೂ ಅದರ ಲೆಕ್ಕದಲ್ಲಿ ಬೇರೆಯೇ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಜನವರಿ 1 ಎಂದು ಹಾಕುತ್ತೇವೆ, ಅಂದಾಜು ವಯಸ್ಸು ಪ್ರತಿ ಭೇಟಿಗೂ ಬದಲಾಗುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆ ಇದ್ದವರ ವಿಷಯದಲ್ಲಿ ಕೆಲಸ ಹಗುರವಾಗುತ್ತದೆ, ಇಲ್ಲದವರೂ ನಮ್ಮ ಸಾಲಿನಲ್ಲಿ ನಿಂತಿರುತ್ತಾರೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅವಸರದಿಂದ ಮಾಡುವ ಮರ್ಜ್, ಅಂದರೆ ಎರಡು ದಾಖಲೆಗಳನ್ನು ಒಂದಾಗಿಸುವುದು. ಎರಡು ನಂಬರಿದ್ದಾಗ ಮಾಹಿತಿ ಕಣ್ಣಿಗೆ ಬೀಳದೆ ಹೋಗುತ್ತದೆ. ಇಬ್ಬರನ್ನು ಒಂದು ಮಾಡಿದಾಗ ಒಬ್ಬರ ರಕ್ತದ ಗುಂಪು, ಮಾತ್ರೆ, ಕಾಯಿಲೆಗಳು ಇನ್ನೊಬ್ಬರ ಹೆಸರಿನಲ್ಲಿ ನಿಜದಂತೆ ಕುಳಿತುಬಿಡುತ್ತವೆ, ಆಮೇಲೆ ಯಾವುದು ಯಾರದೆಂದು ಬಿಡಿಸುವುದು ಬಹಳ ಕಷ್ಟ. ಅಜ್ಜನ ಹೆಸರನ್ನೇ ಇಟ್ಟುಕೊಂಡ ಅಣ್ಣತಮ್ಮಂದಿರ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಒಂದೇ ಓಣಿ, ಹೆಚ್ಚುಕಡಿಮೆ ಒಂದೇ ವಯಸ್ಸು, ಇಡೀ ಮನೆಗೆ ಒಂದೇ ಮೊಬೈಲ್ ನಂಬರು. ಇನ್ನೂ ಹೆಸರಿಡದ ಅವಳಿ ಕೂಸುಗಳಿಗೆ ತಾಯಿಯ ಹೆಸರೇ ಗುರುತಾಗಿರುತ್ತದೆ. ಕೆನಡಾದಲ್ಲಿ ದುಡಿದ ಫೆಲ್ಲೆಗಿ ಮತ್ತು ಸಂಟರ್ ಎಂಬ ಸಂಖ್ಯಾಶಾಸ್ತ್ರಜ್ಞರು 1969ರಲ್ಲಿ ಮಂಡಿಸಿದ ಸಿದ್ಧಾಂತವು ದಾಖಲೆಯ ಜೋಡಿಗಳನ್ನು ಹೊಂದುವವು, ಹೊಂದದವು, ಹೊಂದಬಹುದಾದವು ಎಂದು ಮೂರಾಗಿ ವಿಂಗಡಿಸಿ, ಮೂರನೆಯದನ್ನು ಮನುಷ್ಯರ ಪರಿಶೀಲನೆಗೆ ಬಿಡುತ್ತದೆ. ಮಂಜುನಾಥನಂಥ ಬಳಕೆಯ ಹೆಸರು ಎರಡೂ ಕಡೆ ಇದ್ದರೆ ಅದಕ್ಕೆ ತೂಕ ಕಡಿಮೆ, ಅಪರೂಪದ ಹೆಸರಿಗೆ ಹೆಚ್ಚು ಎಂಬುದೂ ಅದರ ಒಳಗಿನ ತತ್ವವೇ.

ಆದ್ದರಿಂದ ಮರ್ಜ್ ಮಾಡುವ ಅಧಿಕಾರ ದಾಖಲೆ ವಿಭಾಗದ ಒಬ್ಬಿಬ್ಬರಿಗೆ ಮಾತ್ರ ಇರಲಿ, ಸಂಶಯವಿದ್ದರೆ ರೋಗಿಯನ್ನೋ ಮನೆಯವರನ್ನೋ ಕೇಳಿಯೇ ಮುಂದುವರಿಯಲಿ. ಹಳೆಯ ನಂಬರನ್ನು ಅಳಿಸಬಾರದು. ಅದನ್ನು ಹೊತ್ತ ಲ್ಯಾಬ್ ವರದಿ ರೋಗಿಯ ಮನೆಯ ಪ್ಲಾಸ್ಟಿಕ್ ಚೀಲದಲ್ಲಿದ್ದು ಒಂದು ದಿನ ನಮ್ಮ ಮುಂದೆ ಬರುತ್ತದೆ, ಆಗ ಆ ನಂಬರು ಹೊಸ ದಾಖಲೆಗೆ ದಾರಿ ತೋರಿಸಬೇಕು. ಲ್ಯಾಬ್ ಮತ್ತು ಎಕ್ಸ್‌ರೇ ವ್ಯವಸ್ಥೆಗಳಿಗೂ ಬದಲಾವಣೆ ತಲುಪಬೇಕು. ಆಸ್ಪತ್ರೆಯ ಗಣಕ ವ್ಯವಸ್ಥೆಗಳು ಪರಸ್ಪರ ಮಾಹಿತಿ ಕಳುಹಿಸಲು ಬಳಸುವ ಎಚ್‌ಎಲ್7 ಪದ್ಧತಿಯಲ್ಲಿ ಎ40 ಎಂಬ ಸಂದೇಶ ಇರುವುದು ಇದಕ್ಕಾಗಿಯೇ. ಒಂದರಲ್ಲಿ ಅಲರ್ಜಿ ಇದೆ ಎಂದೂ ಇನ್ನೊಂದರಲ್ಲಿ ಇಲ್ಲವೆಂದೂ ಇದ್ದರೆ, ವೈದ್ಯರು ವಿಚಾರಿಸಿ ತೀರ್ಮಾನಿಸುವವರೆಗೆ ಇದೆ ಎಂಬುದೇ ಉಳಿಯಲಿ. ಮಾತ್ರೆಗಳ ಪಟ್ಟಿಯನ್ನಂತೂ ಯಂತ್ರಕ್ಕೆ ಬಿಡಬೇಡಿ, ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತದೆ.

ಕೌಂಟರಿನಲ್ಲಿರುವವರಿಗೆ ಒಂದು ಕೋರಿಕೆ. "ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಿದರೆ ಜ್ವರದಲ್ಲಿ ನಿಂತವರು ಹೂಂ ಎನ್ನುತ್ತಾರೆ. "ನಿಮ್ಮ ಹೆಸರು ಹೇಳಿ, ತಂದೆಯ ಹೆಸರು ಹೇಳಿ, ಹಿಂದೆ ಇಲ್ಲಿಗೆ ಯಾವ ಹೆಸರಿನಲ್ಲಿ ಬಂದಿದ್ದಿರಿ?" ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಪ್ರತಿ ಸಂಜೆ ಆ ದಿನದ ಹೊಸ ನೋಂದಣಿಗಳ ಪಟ್ಟಿ ತೆಗೆದು, ಚೀಟಿ ಬರೆದವರೇ ಒಮ್ಮೆ ಕಣ್ಣಾಡಿಸಲಿ. ಬೆಳಿಗ್ಗೆ ಎದುರಿಗೆ ನಿಂತಿದ್ದವರ ಮುಖ ಆಗಿನ್ನೂ ಅವರ ನೆನಪಿನಲ್ಲಿರುತ್ತದೆ.